ದೇಸಾಯಿಯ ಉಪವಾಸ, ಅಮ್ಮನ ತುಪ್ಪ

ಸುಮ್ಮನಿರುವುದಕ್ಕೆ ಸಂಬಳ ಕೊಡುವ ಉದ್ಯೋಗಗಳು ಲೋಕದಲ್ಲಿ ಹೆಚ್ಚಿಲ್ಲ. ನನ್ನದು ಅಂಥದ್ದೊಂದು. ಮಾಟುಂಗದ ಒಂದು ತಾಂತ್ರಿಕ ಕಾಲೇಜಿನಲ್ಲಿ ನಾನು ಅಸಿಸ್ಟೆಂಟ್ ಲೈಬ್ರರಿಯನ್. ನನ್ನ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಮೌನ ಪಾಲಿಸಬೇಕೆಂದು ಇಂಗ್ಲಿಷ್, ಮರಾಠಿ, ಹಿಂದಿ ಮೂರು ಭಾಷೆಗಳಲ್ಲಿ ಬರೆದ ಬೋರ್ಡು ಇದೆ. ಕನ್ನಡದಲ್ಲಿ ಬರೆದಿಲ್ಲವಾದ್ದರಿಂದ ನೀವೊಬ್ಬರು ಮಾತಾಡಬಹುದಲ್ಲ ಎಂದು ನನ್ನ ಹೆಂಡತಿ ವಿಮಲ ಒಮ್ಮೆ ಕೇಳಿದ್ದಳು. ಆದರೆ ಹದಿನಾಲ್ಕು ವರ್ಷ ಆ ಬೋರ್ಡಿನ ಕೆಳಗೆ ಕೂತ ಮೇಲೆ ಸುಮ್ಮನಿರುವುದು ನನಗೆ ಮೂಗಿನ ಮೇಲಿನ ಕನ್ನಡಕದಷ್ಟು ಸಹಜವಾಗಿಬಿಟ್ಟಿದೆ. ಮನೆಯಲ್ಲಿ, ಬಿಲ್ಡಿಂಗಿನ ಮೀಟಿಂಗಿನಲ್ಲಿ, ಲೋಕಲ್ ಟ್ರೇನಿನಲ್ಲಿ ಕಾಲು ತುಳಿದವರ ಎದುರಿನಲ್ಲಿ, ಎಲ್ಲೆಲ್ಲೂ ಸುಮ್ಮನಿರುತ್ತೇನೆ. ನೋಡಿದವರು ಅದನ್ನು ವಿವೇಕ ಎಂದುಕೊಂಡಿದ್ದರು. ಬಹಳ ಕಾಲ ನಾನೂ ಹಾಗೇ ಅಂದುಕೊಂಡಿದ್ದೆ. ಅದು ವಿವೇಕವಲ್ಲ ಎಂದು ಒಂದೇ ವಾರದಲ್ಲಿ ಇಬ್ಬರು ತೀರ್ಪು ಕೊಟ್ಟರು. ಒಬ್ಬರು ನಾಲ್ಕನೆಯ ಕ್ಲಾಸಿನ ಆಚೆಗೆ ಓದದ ನನ್ನ ತಾಯಿ. ಇನ್ನೊಬ್ಬರು ನಾನು ಈವರೆಗೆ ಮುಖ ನೋಡದ ಒಬ್ಬ ಮಲಯಾಳಿ ಪಾದ್ರಿ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ.

ಇದನ್ನು ಬರೀ ನೆನಪಿನಿಂದ ಬರೆಯಲು ನನಗೆ ಧೈರ್ಯವಿಲ್ಲ. ನನ್ನ ನೆನಪು ನನ್ನ ಕಡೆಯ ವಕೀಲ ಇದ್ದಂತೆ. ಕೇಳಿದಾಗಲೆಲ್ಲ ನಾನು ಆವತ್ತು ಸರಿಯಾದ ಮಾತನ್ನೇ ಆಡಿದ್ದೆ ಎಂದು ವಾದಿಸುತ್ತದೆ. ಅದಕ್ಕೇ ಆ ವರ್ಷದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಡೈರಿಯನ್ನು ಬರೆದವನೂ ನಾನೇ ಆದ್ದರಿಂದ ಎರಡು ಸಾಕ್ಷಿಗಳೂ ಒಂದೇ ಮನೆಯವು ಎಂಬ ಆಕ್ಷೇಪಣೆ ಉಳಿಯುತ್ತದೆ. ಇರಲಿ. ಎಲ್ಲಿ ಎರಡೂ ಜಗಳವಾಡುತ್ತವೋ ಅಲ್ಲಿ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ಫೆಬ್ರವರಿಯ ಕೊನೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಲೈಬ್ರರಿ ಖಾಲಿ ಇರುತ್ತದೆ. ಹುಡುಗರೆಲ್ಲ ಹಾಸ್ಟೆಲಿನ ಮೆಸ್ಸಿಗೆ ಹೋಗುತ್ತಾರೆ, ನಾನು ಕ್ಯಾಟಲಾಗ್ ಡ್ರಾಯರುಗಳ ಹಿಂದೆ ಕೂತು ವಿಮಲ ಕೊಟ್ಟ ಡಬ್ಬಿ ಬಿಚ್ಚುತ್ತೇನೆ. ಆ ವಾರ ಒಬ್ಬ ಹುಡುಗ ಮಾತ್ರ ಏಳದೆ ಕೂತಿರುತ್ತಿದ್ದ. ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಓದಲು ಇಥಿಯೋಪಿಯಾದಿಂದ ಬಂದಿದ್ದ ಕೊನೆಯ ವರ್ಷದ ವಿದ್ಯಾರ್ಥಿ. ತಾದೆಸ್ಸೆ ಎಂದು ಹೆಸರು. ಎತ್ತರದ, ತೆಳ್ಳಗಿನ, ಪುಸ್ತಕದ ಮೂಲೆ ಮಡಿಸದ ಹುಡುಗ. ನಾನು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಅವನ ಹೊಟ್ಟೆಯಿಂದ ಒಂದು ಸದ್ದು ಬಂತು. ಎಷ್ಟು ದೀರ್ಘವಾಗಿತ್ತೆಂದರೆ ನಾನು ಅಭ್ಯಾಸಬಲದಿಂದ ಬೋರ್ಡಿನ ಕಡೆ ಬೆರಳು ತೋರಿಸಿದೆ. ಅವನು ಎದ್ದು ನಿಂತು, "ಸಾರಿ ಸರ್, ಇದಕ್ಕೆ ಇಂಗ್ಲಿಷ್ ಬರುವುದಿಲ್ಲ" ಎಂದ.

ವಿಚಾರಿಸಿದೆ. ಅವರ ಮತದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ಐವತ್ತೈದು ದಿನದ ಉಪವಾಸವಂತೆ. ಮಧ್ಯಾಹ್ನ ಮೂರು ಗಂಟೆಯವರೆಗೆ ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ. ಮೂರರ ನಂತರ ಊಟ ಮಾಡಬಹುದು, ಆದರೆ ಪ್ರಾಣಿಯಿಂದ ಬಂದದ್ದು ಯಾವುದೂ ಕೂಡದು. ಮೆಸ್ಸು ಎರಡು ಗಂಟೆಗೆ ಬಾಗಿಲು ಹಾಕುತ್ತದೆ. ರಾತ್ರಿಯ ದಾಲಿಗೆ ತುಪ್ಪ, ಪಲ್ಯಕ್ಕೆ ಮೊಸರು, ಚಪಾತಿಗೆ ಬೆಣ್ಣೆ. ಅವನು ಬಾಳೆಹಣ್ಣು, ಶೇಂಗಾ, ಒಣ ಬ್ರೆಡ್ಡಿನಲ್ಲಿ ಇದ್ದ. ಏಪ್ರಿಲಿನಲ್ಲಿ ಪರೀಕ್ಷೆ. ಹಿಂದಿನೆರಡು ವರ್ಷವೂ ಹೀಗೇ ಮಾಡಿ, ಎರಡನೆಯ ವರ್ಷ ಪ್ರಯೋಗಶಾಲೆಯಲ್ಲಿ ಬಣ್ಣದ ತೊಟ್ಟಿಯ ಪಕ್ಕದಲ್ಲೇ ತಲೆಸುತ್ತಿ ಬಿದ್ದಿದ್ದನಂತೆ. "ಈ ವರ್ಷ ಬಿಟ್ಟುಬಿಡು, ದೇವರು ಪರೀಕ್ಷೆ ಅರ್ಥಮಾಡಿಕೊಳ್ಳುತ್ತಾನೆ" ಎಂದೆ. "ದೇವರು ಮಾಡಿಕೊಳ್ಳುತ್ತಾನೆ ಸರ್. ನನ್ನ ತಾಯಿ ಮಾಡಿಕೊಳ್ಳುವುದಿಲ್ಲ" ಎಂದ. ಊರು ಬಿಡುವಾಗ ಅವಳು ಒಂದೇ ಮಾತು ತೆಗೆದುಕೊಂಡಿದ್ದಳು. ಓದು, ಓದದಿರು, ಉಪವಾಸ ಮಾತ್ರ ತಪ್ಪಿಸಬೇಡ. ಅವಳಿಗೆ ಓದು ಬರದು, ಊರಿನ ಇಗರ್ಜಿಯ ಪೂಜಾರಿ ಕಾಗದ ಓದಿ ಹೇಳುತ್ತಾನೆ. ಪ್ರತಿ ಕಾಗದದ ಕೊನೆಗೂ ಅದೇ ಪ್ರಶ್ನೆ: ಉಪವಾಸ ನಡೆಯುತ್ತಿದೆಯೆ? ಇವನು ನಡೆಯುತ್ತಿದೆ ಎಂದು ಬರೆಯುತ್ತಾನೆ. ಸುಳ್ಳು ಬರೆಯಲು ಇವನಿಗೆ ಬಾರದು, ಮೇಲಾಗಿ ಅದನ್ನು ಓದುವವನು ಪೂಜಾರಿ.

ಮೂರು ವರ್ಷ ಮುಂಬಯಿಯಲ್ಲಿದ್ದರೂ ಅವನ ಪ್ರಪಂಚ ಕಾಲೇಜು, ಹಾಸ್ಟೆಲು, ಭಾನುವಾರ ದಾದರಿನ ಸಮುದ್ರದಂಡೆ, ಇಷ್ಟೇ. ಜೊತೆಯ ಹುಡುಗರು ಅವನನ್ನು ಕೇಳುತ್ತಿದ್ದುದೂ ಒಂದೇ ಪ್ರಶ್ನೆ, ನಿಮ್ಮೂರಿನಲ್ಲಿ ಸಿಂಹ ಇದೆಯಾ. ಸಿಂಹವನ್ನು ತಾನು ಮೊಟ್ಟಮೊದಲು ನೋಡಿದ್ದು ಭಾಯಖಳೆಯ ರಾಣಿಬಾಗಿನ ಮೃಗಾಲಯದಲ್ಲಿ, ಅದೂ ಅದು ನಿದ್ದೆ ಮಾಡುತ್ತಿದ್ದಾಗ ಎಂದು ಅವನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮಳೆಗಾಲದಲ್ಲಿ ಅವನ ಪುಸ್ತಕಗಳಿಗೆ ಬೂಷ್ಟು ಹಿಡಿದಾಗ ಅವು ಸತ್ತುಹೋದವೆಂದು ಗಾಬರಿಯಾಗಿ ನನ್ನ ಬಳಿ ತಂದಿದ್ದ. ಈ ಮೂರು ವರ್ಷದಲ್ಲಿ ಈ ಊರಿನ ಯಾರೊಬ್ಬರೂ ಅವನನ್ನು ಮನೆಗೆ ಊಟಕ್ಕೆ ಕರೆದಿರಲಿಲ್ಲ. ಆ ಯಾರೊಬ್ಬರಲ್ಲಿ ನಾನೂ ಸೇರಿದ್ದೆ. ಅವನು ಅದನ್ನು ದೂರಿನಂತೆ ಹೇಳಲಿಲ್ಲ. ನಾನೇ ಲೆಕ್ಕ ಹಾಕಿ ತಲೆ ತಗ್ಗಿಸಿದೆ ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ತಲೆಯ ವಿಚಾರವಿಲ್ಲ. "ಡಬ್ಬಿಯಲ್ಲಿ ಇವತ್ತು ಬದನೆಕಾಯಿ" ಎಂದಿದೆ.

ಸಯನ್ನಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯ ಸರ್ವಾಧಿಕಾರ ಅಮ್ಮನದು. ಮೈಸೂರಿನ ಕಡೆಯಿಂದ ಅಪ್ಪ ತೀರಿಕೊಂಡ ವರ್ಷ ಬಂದವಳು, ಬರುವಾಗ ತನ್ನ ಮಡಿಯನ್ನು ಒಂದಿಷ್ಟೂ ಒಡೆಯದಂತೆ ಟ್ರಂಕಿನಲ್ಲಿ ಸುತ್ತಿ ತಂದಿದ್ದಳು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯಲ್ಲಿ ಸ್ನಾನ ಮಾಡಿ ಒಳಗೆ ಹೊಕ್ಕರೆ ಊಟ ಮುಗಿಯುವವರೆಗೆ ನಾವ್ಯಾರೂ ಅವಳನ್ನು ಮುಟ್ಟುವಂತಿಲ್ಲ. ಇಂಥವಳ ಹತ್ತಿರ ವಿಷಯ ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಅಕ್ಕಿ ಆರಿಸುತ್ತಿದ್ದಾಗ ಹೇಳಿದೆ.

"ಯಾವ ಜನ?" ಎಂದಳು.

"ಆಫ್ರಿಕಾದವನು."

"ಅದು ಊರಾಯ್ತು. ಜನ ಯಾವುದು ಅಂದೆ."

"ಕ್ರಿಶ್ಚಿಯನ್ನರು."

ಅಮ್ಮ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಏನು ತಿಂತಾನೆ?"

"ಸದ್ಯಕ್ಕೆ ಏನೂ ತಿಂತಿಲ್ಲ. ವ್ರತ. ಐವತ್ತೈದು ದಿನ. ಮೂರು ಗಂಟೆವರೆಗೆ ನೀರೂ ಕುಡಿಯಲ್ಲ."

ಮೊರ ನಿಂತಿತು. "ಐವತ್ತೈದು ದಿನ? ನಿರ್ಜಲ?"

"ಹೂಂ. ಆಮೇಲೂ ಹಾಲು, ಮೊಸರು ಇಲ್ಲ."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏಕಾದಶಿಯ ದಿನ ಹನ್ನೊಂದು ಗಂಟೆಗೆ ತಲೆನೋವೆಂದು ಅವಲಕ್ಕಿ ಕೇಳುವ ಮಗನನ್ನು ಹೆತ್ತ ತಾಯಿ ಹೇಗೆ ನೋಡಬಹುದೋ ಹಾಗೆ. "ನಾಳೆಯಿಂದಲೇ ಕರಕೊಂಡು ಬಾ" ಎಂದಳು. "ಹೊರಗಿನ ಕೋಣೇಲಿ ಬಡಿಸ್ತೀನಿ."

ಇಲ್ಲಿ ಡೈರಿ ಮತ್ತು ನೆನಪು ಮೊದಲ ಸಲ ಜಗಳವಾಡುತ್ತವೆ. ಹಾಲು, ಮೊಸರು, ಬೆಣ್ಣೆ, ತುಪ್ಪ ಎಂದು ನಾಲ್ಕನ್ನೂ ಬಿಡಿಸಿ ಹೇಳಿದೆ ಎಂದು ನನ್ನ ನೆನಪು ಪ್ರಮಾಣ ಮಾಡುತ್ತದೆ. ಡೈರಿಯಲ್ಲಿ ಮಾತ್ರ "ಅಮ್ಮನಿಗೆ ಹೇಳಿದೆ. ಹಾಲು ಮೊಸರು ಇಲ್ಲವೆಂದೆ. ಒಪ್ಪಿದಳು" ಎಂದು ಸ್ಪಷ್ಟವಾಗಿ ಬರೆದಿದೆ. ಪ್ರಾಣಿಯಿಂದ ಬಂದದ್ದು ಯಾವುದೂ ಕೂಡದು ಎಂಬುದನ್ನು ಎರಡು ಪದಕ್ಕೆ ಇಳಿಸಿದ ಕೀರ್ತಿ ನನ್ನದು. ಸುಮ್ಮನಿರುವ ಅಭ್ಯಾಸವಿದ್ದವನಿಗೆ ಅನುವಾದ ಕೊಟ್ಟರೆ ಹೀಗೆಯೇ, ಅರ್ಧ ನುಂಗುತ್ತಾನೆ.

ಮಾರನೆಯ ದಿನದಿಂದ ಅವನು ಮೂರು ಗಂಟೆಗೆ ಬಸ್ಸಿನಲ್ಲಿ ನಮ್ಮ ಮನೆಗೆ ಬಂದು, ಊಟ ಮಾಡಿ, ಪ್ರಯೋಗಶಾಲೆಗೆ ವಾಪಸ್ಸು ಹೋಗತೊಡಗಿದ. ತಾದೆಸ್ಸೆ ಎಂಬುದು ಅಮ್ಮನ ಬಾಯಲ್ಲಿ ಎರಡೇ ದಿನಕ್ಕೆ ದೇಸಾಯಿ ಆಯಿತು. ಎದುರು ಮನೆಯ ಕುಲಕರ್ಣಿ ಕಾಕು ಕುತೂಹಲ ತಡೆಯಲಾರದೆ, ನಿಮ್ಮ ದೇಸಾಯಿ ಯಾವ ದೇಸಾಯಿ, ಬೆಳಗಾವಿಯವರಾ, ಸಾವಂತವಾಡಿಯವರಾ ಎಂದು ಮರಾಠಿಯಲ್ಲಿ ಕೇಳಿದರು. ಅಮ್ಮ ತನ್ನ ಹಿಂದಿಯಲ್ಲಿ, "ಉದರ್ ಕಾ. ಸಮುದ್ರ ಕೆ ಉಸ್ ಪಾರ್" ಎಂದು ಕೈಬೀಸಿ ಹೇಳಿದಳು. ಕಾಕು ಅದನ್ನು ರತ್ನಾಗಿರಿ ಎಂದು ಅರ್ಥಮಾಡಿಕೊಂಡರು.

ಮೊದಲ ದಿನ ಅವನ ಮಣೆ ಮುಂಬಾಗಿಲಿಗೆ ತಾಗಿಕೊಂಡಿತ್ತು. ನಮ್ಮ ಹೊರಕೋಣೆಯ ನೆಲಕ್ಕೆ ಚೌಕದ ಹಾಸುಬಿಲ್ಲೆಗಳು, ಆದ್ದರಿಂದ ಮುಂದಿನ ಪ್ರಗತಿಯನ್ನು ಅಳೆಯುವುದು ಸುಲಭವಾಯಿತು. ಊಟಕ್ಕೆ ಮುಂಚೆ ಅವನು ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವುದನ್ನು ನೋಡಿದ ದಿನ ಮಣೆ ಎರಡು ಬಿಲ್ಲೆ ಒಳಗೆ ಬಂತು. ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲವೆಂದು ಗೊತ್ತಾದಾಗ ಇನ್ನೆರಡು. ರಾಗಿ ದೋಸೆಯ ದಿನ ಒಮ್ಮೆಲೇ ನಾಲ್ಕು. ಆವತ್ತು ಹುಳಿಬಂದ ಹಿಟ್ಟಿನಲ್ಲಿ ಎಣ್ಣೆ ಹಾಕಿ ಹುಯ್ದ ತೆಳ್ಳನೆಯ ದೋಸೆ ತಟ್ಟೆಗೆ ಬಿದ್ದಾಗ ಅವನು ಮುಟ್ಟದೆ ನೋಡುತ್ತಾ ಕೂತನಂತೆ. ಆಮೇಲೆ ಏಳು ದೋಸೆ ತಿಂದನಂತೆ. ಸಂಜೆ ನನಗೆ ಅವನೇ ವಿವರಿಸಿದ. ಅವರ ಊರಿನಲ್ಲೂ ರಾಗಿಗಿಂತ ಸಣ್ಣ ಧಾನ್ಯವೊಂದನ್ನು ಹುಳಿಬರಿಸಿ ಇಂಥದ್ದೇ ಮಾಡುತ್ತಾರೆ, ಒಂದೇ ಮಗ್ಗುಲು ಬೇಯಿಸುತ್ತಾರೆ, ಮೂರು ವರ್ಷದಿಂದ ಅದರ ವಾಸನೆ ಕಂಡಿರಲಿಲ್ಲ. ಅಮ್ಮನಿಗೆ ಹೇಳಿದೆ. "ಒಂದೇ ಮಗ್ಗುಲಾ? ಪಾಪ, ಅವರಮ್ಮನಿಗೆ ಎಷ್ಟು ಕೆಲಸವೋ, ತಿರುವಿಹಾಕೋಕೂ ಪುರಸೊತ್ತಿಲ್ಲ" ಎಂದಳು. ಮಾರ್ಚಿ ಮಧ್ಯದ ಹೊತ್ತಿಗೆ ಮಣೆ ಅಡುಗೆಮನೆಯ ಹೊಸಿಲಿಗೆ ಬಂದು ನಿಂತಿತ್ತು. ಅಷ್ಟು ಹತ್ತಿರ ವಿಮಲ ಮದುವೆಯಾಗಿ ಬಂದ ವರ್ಷದಲ್ಲೂ ಹೋಗಿರಲಿಲ್ಲವಂತೆ. ಇದನ್ನು ಅವಳು ನನಗೆ ಮೂರು ಸಲ ಹೇಳಿದಳು.

ಅಮ್ಮ ತಾನೂ ಮೂರು ಗಂಟೆಗೇ ಊಟ ಮಾಡತೊಡಗಿದಳು. ಎಂದಿನ ಹನ್ನೆರಡರ ಊಟ ಯಾಕೆ ಬಿಟ್ಟೆ ಎಂದರೆ, "ವ್ರತದವನು ಹಸಿದಿರೋವಾಗ ನಾನು ಹ್ಯಾಗೆ ಬಾಯಿಗೆ ಹಾಕ್ಕೊಳ್ಳಲಿ?" ಎಂದಳು.

ಇನ್ನು ತುಪ್ಪದ ವಿಚಾರ. ಶನಿವಾರ ನನಗೆ ಅರ್ಧ ದಿನ ಕೆಲಸ. ಮೊದಲನೆಯ ಶನಿವಾರ ನಾನೂ ಮನೆಯಲ್ಲಿದ್ದೆ. ಅಮ್ಮ ಅನ್ನದ ಮೇಲೆ ತುಪ್ಪ ಹಾಕಲು ಮಿಳ್ಳೆ ಬಗ್ಗಿಸಿದಾಗ ದೇಸಾಯಿ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಆಗಲೇ ಕಲಿತಿದ್ದ ಕನ್ನಡದಲ್ಲಿ "ಬೇಡ ಬೇಡ ಬೇಡ" ಎಂದ. ನಮ್ಮ ಕಡೆ ಮರ್ಯಾದಸ್ಥರು ತುಪ್ಪವನ್ನು ಮೂರು ಸಲ ಬೇಡವೆನ್ನುವುದು ಪದ್ಧತಿ. ಬಡಿಸುವವರು ನಾಲ್ಕನೆಯ ಸಲ ಹಾಕುವುದೂ ಪದ್ಧತಿ. ಆದರೆ ಕೈ ತೆಗೆಯದಿದ್ದರೆ ಏನು ಮಾಡಬೇಕೆಂದು ಪದ್ಧತಿಯಲ್ಲಿ ಹೇಳಿಲ್ಲ. ಅಮ್ಮ ಮಿಳ್ಳೆ ಹಿಡಿದುಕೊಂಡು ಒಳಗೆ ಹೋದಳು. "ನಾಚಿಕೆ ಸ್ವಭಾವ" ಎಂದಳು.

ಎರಡನೆಯ ಶನಿವಾರ ನೀರು ಕುಡಿಯಲು ಅಡುಗೆಮನೆಯ ಬಾಗಿಲಿಗೆ ಹೋದವನು ಕಂಡೆ. ದೇಸಾಯಿಯ ಸಾರಿಗೆ ಬೇರೆ ಸಣ್ಣ ಪಾತ್ರೆ ಇತ್ತು. ಅದರ ಒಗ್ಗರಣೆಯ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿತ್ತು. ಆ ಘಮ ಎಣ್ಣೆಯದಲ್ಲ. ಪಕ್ಕದಲ್ಲಿ ತುಪ್ಪದ ಮಿಳ್ಳೆ ಖಾಲಿಯಾಗಿ ಕೂತಿತ್ತು.

"ಅಮ್ಮ, ಇದು ಅವನದಲ್ವಾ?"

"ಅವನದೇ."

"ತುಪ್ಪ ಹಾಕಿದೀಯಲ್ಲ!"

"ಹಾಕದೆ? ತುಪ್ಪ ಬೀಳದ ಅನ್ನ ಶುದ್ಧವಾಗುತ್ತೇನೋ? ಅಶುದ್ಧ ಅನ್ನ ವ್ರತದವನಿಗೆ ಬಡಿಸಿ ನಾನು ಪಾಪ ಕಟ್ಟಿಕೊಳ್ಳಲಾ?"

"ಅವನು ಹಾಲಿನದ್ದು ಏನೂ ತಗೊಳ್ಳಲ್ಲ ಅಮ್ಮ."

"ಹಾಲು ಕೊಟ್ಟೆನಾ? ಮೊಸರು ಕೊಟ್ಟೆನಾ?" ಅಮ್ಮ ಸೌಟನ್ನು ಸಾರಿಗೆ ಅದ್ದಿದಳು. "ಚಾತುರ್ಮಾಸದಲ್ಲಿ ನಾನೂ ಒಂದು ತಿಂಗಳು ಹಾಲು ಬಿಡ್ತೀನಿ, ಒಂದು ತಿಂಗಳು ಮೊಸರು ಬಿಡ್ತೀನಿ. ತುಪ್ಪ ಯಾವತ್ತು ಬಿಟ್ಟೆ? ಹಾಲು ಸತ್ತು ಮೊಸರಾಗಿ, ಮೊಸರು ಸತ್ತು ಬೆಣ್ಣೆಯಾಗಿ, ಬೆಣ್ಣೆ ಬೆಂಕೀಲಿ ಬೆಂದು ತುಪ್ಪ ಆಗೋದು. ಮೂರು ಜನ್ಮ ಕಳೆದ ಮೇಲೂ ಅದಕ್ಕೆ ಹಾಲಿನ ಜಾತಿ ಉಳಿದಿರುತ್ತಾ?"

ನಾನು ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವನು. ಹೊರಗೆ ಬಂದು ವಿಮಲಳಿಗೆ ಪಿಸುಗುಟ್ಟಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಾ, "ಅತ್ತೆ ಮೊದಲ ಶನಿವಾರದಿಂದ್ಲೂ ಹಾಕ್ತಿದಾರೆ. ನಿಮಗೆ ಇವತ್ತು ಕಂಡಿತಾ?" ಎಂದಳು.

"ನೀನು ಹೇಳಬಾರದಾಗಿತ್ತಾ?"

"ಯಾರಿಗೆ? ಅವನಿಗೆ ಹೇಳೋಕೆ ನನಗೆ ಇಂಗ್ಲಿಷ್ ಸಾಲದು. ಅತ್ತೆಗೆ ಹೇಳೋಕೆ ಕನ್ನಡ ಸಾಲದು. ಎರಡೂ ಬರೋದು ನಿಮಗೆ."

ಅಷ್ಟರಲ್ಲಿ ಹೊಸಿಲ ಬಳಿ ದೇಸಾಯಿ ಅನ್ನಕ್ಕೆ ಸಾರು ಕಲಸಿ, ಎಂದಿನ ಶ್ರದ್ಧೆಯಿಂದ ಉಣ್ಣುತ್ತಿದ್ದ. ಅವನ ಕೆನ್ನೆ ಆ ಎರಡು ವಾರದಲ್ಲಿ ಸ್ವಲ್ಪ ತುಂಬಿಕೊಂಡಿತ್ತು. ಎದುರಿಗೆ ಅಮ್ಮ ಗಲ್ಲಕ್ಕೆ ಕೈಕೊಟ್ಟು ನೋಡುತ್ತಾ ಕೂತಿದ್ದಳು. ಇದನ್ನು ಈಗಲೇ ಹೇಳುವುದೇ, ಊಟ ಮುಗಿದ ಮೇಲೆ ಹೇಳುವುದೇ ಎಂದು ಯೋಚಿಸಿದೆ. ಊಟ ಮುಗಿಯಿತು. ಹೇಳಿದರೆ ಅವನು ಬರುವುದನ್ನು ನಿಲ್ಲಿಸುತ್ತಾನೆ, ಪರೀಕ್ಷೆಯಲ್ಲಿ ತಲೆಸುತ್ತಿ ಬೀಳುತ್ತಾನೆ, ಅಮ್ಮನ ಮನಸ್ಸು ನೋಯುತ್ತದೆ ಎಂದು ಕಾರಣಗಳನ್ನು ಒಂದರ ಮೇಲೊಂದು ಪೇರಿಸಿದೆ. ಎಲ್ಲವೂ ಒಳ್ಳೆಯ ಕಾರಣಗಳೇ. ಅವುಗಳ ಅಡಿಯಲ್ಲಿ, ಬಾಯಿ ತೆರೆಯಲು ನನಗೆ ಬೇಜಾರು ಎಂಬ ನಿಜವಾದ ಕಾರಣ ಅಂಗಾತ ಮಲಗಿತ್ತು. ನಾಲ್ಕು ವಾರ ಹೀಗೆ ಕಳೆಯಿತು. ಆ ನಾಲ್ಕು ವಾರದ ಡೈರಿಯಲ್ಲಿ ತುಪ್ಪ ಎಂಬ ಪದವೇ ಇಲ್ಲ. ಅಷ್ಟೂ ದಿನ ಹವಾಮಾನ ಬರೆದಿದ್ದೇನೆ. ಸೆಕೆ, ಇಂದೂ ಸೆಕೆ, ಸೆಕೆ ಹೆಚ್ಚು.

ಒಂದು ಗುರುವಾರ ಮಧ್ಯಾಹ್ನ ಅವನು ಲೈಬ್ರರಿಯಲ್ಲಿ ನೀಲಿ ಏರೋಗ್ರಾಮಿನಲ್ಲಿ ಕಾಗದ ಬರೆಯುತ್ತಿದ್ದ. ಬರೆದು ಮುಗಿಸಿ, ನನ್ನ ಮೇಜಿನ ಬಳಿ ಬಂದು, ನಿಮ್ಮ ತಾಯಿಯ ಬಗ್ಗೆ ಬರೆದಿದ್ದೇನೆ, ಕೇಳಿ ಎಂದು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ ಪಿಸುಮಾತಿನಲ್ಲಿ ಓದಿದ. ಅಮ್ಮ, ಈ ವರ್ಷ ಉಪವಾಸ ಎಲ್ಲ ವರ್ಷಗಳಿಗಿಂತ ಶುದ್ಧವಾಗಿ ನಡೆಯುತ್ತಿದೆ. ಇಲ್ಲಿ ಒಬ್ಬ ವಿಧವೆ ತಾಯಿ ನನಗಾಗಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾಳೆ. ನಾನು ಉಣ್ಣುವವರೆಗೆ ತಾನೂ ಉಣ್ಣುವುದಿಲ್ಲ. ನೀನು ಅವಳಿಗಾಗಿ ಒಂದು ಮೇಣದಬತ್ತಿ ಹಚ್ಚು.

ನಾನು ಹೇಳಿಬಿಟ್ಟೆ. ಮೌನದ ಬೋರ್ಡಿನ ಕೆಳಗೆ, ಪಿಸುಮಾತಿನಲ್ಲಿ, ನನ್ನ ಜೀವಮಾನದ ಮೊದಲ ತಪ್ಪೊಪ್ಪಿಗೆ. ಆಚೆ ಮೇಜಿನಿಂದ ಯಾರೋ ಶ್ ಎಂದರು. ಅವನು ಬೆರಳು ಮಡಿಸಿ ಎಣಿಸಿದ. "ಮೂವತ್ತು ದಿನದ ಮೇಲಾಯಿತು" ಎಂದ. ಆಮೇಲೆ, "ನಿಮಗೆ ಯಾವಾಗ ಗೊತ್ತಾಯಿತು ಸರ್?" ಎಂದು ಕೇಳಿದ. ನಾನು ಹೇಳಿದೆ. ಅವನು ಏರೋಗ್ರಾಮನ್ನು ಅಂಟಿಸದೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದ. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟುಹೋದದ್ದು ಅದೇ ಮೊದಲು.

ಆವತ್ತು ಮೂರು ಗಂಟೆಗೆ ಅವನು ನಮ್ಮ ಮನೆಗೆ ಹೋಗಲಿಲ್ಲ. ಶುಕ್ರವಾರವೂ ಇಲ್ಲ. ಸಂಜೆ ನಾನು ಬಂದಾಗ ಅಮ್ಮ, "ದೇಸಾಯಿಗೆ ಹುಷಾರಿಲ್ವಾ?" ಎಂದಳು. "ಪರೀಕ್ಷೆ" ಎಂದೆ. "ಪರೀಕ್ಷೆ ಅಂತ ಹೊಟ್ಟೆ ಇರಲ್ವಾ?" ಎಂದಳು. ವಿಮಲ ನನ್ನನ್ನು ಒಳಕೋಣೆಗೆ ಕರೆದು, ಅತ್ತೆ ನಾಲ್ಕೂವರೆವರೆಗೆ ಕಾದು, ಸಾರು ಮೂರು ಸಲ ಬಿಸಿ ಮಾಡಿ, ಕೊನೆಗೆ ತಾವೂ ಉಣ್ಣದೆ ಎದ್ದರು ಎಂದಳು. ಎರಡು ದಿನವೂ.

ಶನಿವಾರ ಮನೆಗೆ ಬಂದಾಗ ಮಣೆ ಹೊಸಿಲ ಬಳಿ ಹಾಕಿಯೇ ಇತ್ತು. ಅಮ್ಮ ಬಾಗಿಲು ನೋಡುತ್ತಾ ಕೂತಿದ್ದಳು. ಮೂರೂ ಕಾಲಾಯಿತು. "ಅಮ್ಮ, ಅವನು ಬರಲ್ಲ. ತುಪ್ಪದ ವಿಷಯ ನಾನು ಹೇಳಿಬಿಟ್ಟೆ. ಅವರಲ್ಲಿ ತುಪ್ಪಾನೂ ಕೂಡದು. ನಾನು ನಿನಗೆ ಮೊದಲೇ ಸರಿಯಾಗಿ ಹೇಳಲಿಲ್ಲ" ಎಂದೆ.

ಅಮ್ಮ ಮಿಳ್ಳೆಯ ಕಡೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ನಂದು ತಪ್ಪೇ" ಎಂದಳು. "ಬೇಡ ಅಂತ ಕೈ ಅಡ್ಡ ಹಿಡಿದ. ಹಿಡಿದ ಕೈಯಲ್ಲಿ ಮಾತಿತ್ತು, ನನಗೆ ಕೇಳಿಸಲಿಲ್ಲ. ಆದರೆ ಶ್ಯಾಮ, ನಾನು ತಿಳೀದೆ ಮಾಡಿದೆ. ನಿನಗೆ ತಿಳಿದಿತ್ತು. ಕಂಡ ದಿನವೇ ಹೇಳಿದ್ದರೆ ಅವನ ಉಪವಾಸ ಉಳೀತಿತ್ತು. ಕೊನೇವರೆಗೂ ಹೇಳದೆ ಇದ್ದಿದ್ದರೆ ಅವನ ಮನಸ್ಸಾದರೂ ಉಳೀತಿತ್ತು. ನಾಲ್ಕು ವಾರ ಸುಮ್ಮನಿದ್ದು, ಆಮೇಲೆ ಹೇಳಿ, ಎರಡನ್ನೂ ಉಳಿಸದ ಹಾಗೆ ಮಾಡಿದೆಯಲ್ಲೋ. ಇಷ್ಟು ಕೆಟ್ಟದಾಗಿ ಲೆಕ್ಕ ಹಾಕಿ ಸುಮ್ಮನಿರೋದನ್ನ ಎಲ್ಲಿ ಕಲಿತೆ?"

ಕೆಲಸದಲ್ಲಿ ಎಂದು ಹೇಳಬಹುದಿತ್ತು.

ಭಾನುವಾರ ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ದೇಸಾಯಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ಅಮ್ಮ ಎದ್ದವಳು ಒಳಗೆ ಹೋಗಿ ಎಣ್ಣೆಯ ಡಬ್ಬಿಯನ್ನು ತಂದು, ಅವನ ಕಣ್ಣೆದುರಿಗೆ ಎತ್ತಿಹಿಡಿದು ತೋರಿಸಿದಳು. ಇನ್ನೊಂದು ಕೈಯಲ್ಲಿ ಮಿಳ್ಳೆಯನ್ನು ಬೋರಲು ಮಾಡಿ ತೋರಿಸಿದಳು. ನನ್ನ ಅನುವಾದಕ್ಕೆ ಕಾಯಲೇ ಇಲ್ಲ. ಅವನು ತಲೆಬಾಗಿಸಿ, "ಅಮ್ಮ, ಬೇಕು" ಎಂದ. ಬೇಕು ಎಂಬ ಪದವನ್ನು ಅವನು ಯಾವಾಗ ಕಲಿತನೋ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು.

ಊಟವಾದ ಮೇಲೆ ಅವನು ನನ್ನನ್ನು ಮನೆಯ ಮುಂದಿನ ಗ್ಯಾಲರಿಗೆ ಕರೆದು ತೀರ್ಪು ಓದಿದ. ಬೆಳಗ್ಗೆ ಉಪನಗರದ ಒಂದು ಮಲಯಾಳಿ ಇಗರ್ಜಿಗೆ ಹೋಗಿದ್ದನಂತೆ. ಆ ಪಾದ್ರಿಯ ಸಭೆಗೂ ಇವರ ಸಭೆಗೂ ಹಳೆಯ ನೆಂಟಸ್ತಿಕೆ. ಎಲ್ಲ ಕೇಳಿ ಪಾದ್ರಿ ಮೊದಲು ನಕ್ಕರಂತೆ, ಆಮೇಲೆ ಯೋಚಿಸಿದರಂತೆ. "ತಿಳಿಯದೆ ಉಂಡವನಿಗೆ ದೋಷವಿಲ್ಲ ಎಂದರು ಸರ್. ಪ್ರೀತಿಯಿಂದ ಬಡಿಸಿದವಳಿಗೂ ಇಲ್ಲ ಎಂದರು."

"ಒಳ್ಳೆಯದಾಯಿತು" ಎಂದೆ.

"ಆದರೆ ದೋಷ ಎಲ್ಲಾದರೂ ಇರಬೇಕಲ್ಲ ಎಂದು ನಾನು ಕೇಳಿದೆ. ಅವರು, ಇನ್ಯಾರಿಗಾದರೂ ಗೊತ್ತಿತ್ತೆ ಎಂದು ಕೇಳಿದರು." ಅವನು ಕೆಳಗೆ ಹೋಗುತ್ತಿದ್ದ ಬಸ್ಸನ್ನು ನೋಡಿದ. "ಗೊತ್ತಿದ್ದೂ ಸುಮ್ಮನಿದ್ದವನು ಉಳಿದ ಹದಿಮೂರು ದಿನ ನನ್ನ ಜೊತೆ ಪಾಲಿಸಬೇಕಂತೆ ಸರ್. ಮೂರು ಗಂಟೆಯವರೆಗೆ. ನೀರೂ ಇಲ್ಲ."

"ನಾನು ನಿಮ್ಮ ಮತದವನಲ್ಲವಲ್ಲ" ಎಂದೆ.

"ಅದನ್ನೂ ಹೇಳಿದೆ. ಹಸಿವಿಗೆ ಮತವಿಲ್ಲ, ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಕಷ್ಟವಾಗುವುದಿಲ್ಲ ಎಂದರು."

ನಾನು ಪಾಲಿಸಿದೆ. ಡೈರಿಯ ಪ್ರಕಾರ ಹದಿಮೂರು ದಿನದಲ್ಲಿ ಹತ್ತು. ಉಳಿದ ಮೂರು ದಿನ ನೆನಪು ಮತ್ತು ಡೈರಿ ಎರಡೂ ಒಗ್ಗಟ್ಟಾಗಿ ಕಾಲೇಜು ಕ್ಯಾಂಟೀನಿನ ಹಿಂಬಾಗಿಲನ್ನು ತೋರಿಸುತ್ತವೆ. ಮೊದಲ ದಿನ ಹನ್ನೆರಡೂವರೆಗೆ ನನ್ನ ಹೊಟ್ಟೆಯಿಂದ ಹೊರಟ ಸದ್ದಿಗೆ ಇಡೀ ಲೈಬ್ರರಿ ತಲೆ ಎತ್ತಿತು. ಯಾರೋ ಹಿಂದಿನ ಬೆಂಚಿನವನು ಎದ್ದು ಬಂದು, ತುಂಬ ವಿನಯದಿಂದ, ನನ್ನ ಬೆನ್ನ ಹಿಂದಿನ ಬೋರ್ಡಿಗೆ ಬೆರಳು ತೋರಿಸಿದ. ತಾದೆಸ್ಸೆ ಮಾತ್ರ ಪುಸ್ತಕದಿಂದ ತಲೆ ಎತ್ತದೆ ಕೈಗಡಿಯಾರ ನೋಡಿ, ಬೆರಳುಗಳಲ್ಲಿ ಇನ್ನು ಎರಡೂವರೆ ಗಂಟೆ ಎಂದು ಸನ್ನೆ ಮಾಡಿ ಧೈರ್ಯ ಹೇಳಿದ. ಪರದೇಶದಲ್ಲಿ ಒಬ್ಬನೇ ಹಸಿದು ಕೂತಿರುವುದು ಹೇಗಿರುತ್ತದೆಂದು ಆ ಎರಡೂವರೆ ಗಂಟೆಗಳಲ್ಲಿ ನನಗೆ ಸ್ವಲ್ಪ ಗೊತ್ತಾಯಿತು. ನಾನಿದ್ದದ್ದು ಪರದೇಶವಲ್ಲ, ಒಬ್ಬನೇ ಕೂಡ ಅಲ್ಲ. ಆದರೂ.

ಏರೋಗ್ರಾಮಿನ ಕೊನೆಗೆ ಏನು ಸೇರಿಸಿದೆ ಎಂದು ಕೇಳಿದೆ. "ಉಪವಾಸ ನಡೆಯುತ್ತಿದೆ, ಅದರ ಸ್ವಲ್ಪ ಭಾಗವನ್ನು ಲೈಬ್ರರಿಯನ್ ಸಾಹೇಬರು ಹೊತ್ತುಕೊಂಡಿದ್ದಾರೆ ಎಂದು ಬರೆದೆ" ಎಂದ. ಅವನ ಊರಿನ ಪೂಜಾರಿ ಅದನ್ನು ಹೇಗೆ ಓದಿ ಹೇಳಿದನೋ, ಮುಂದೆ ಬಂದ ಉತ್ತರದಲ್ಲಿ ಅವನ ತಾಯಿ, ಆ ಪುಣ್ಯವಂತರ ಹೆಸರೇನು, ಪ್ರಾರ್ಥನೆಯಲ್ಲಿ ಸೇರಿಸಬೇಕು ಎಂದು ಕೇಳಿಸಿದ್ದಳು.

ಅವರ ಈಸ್ಟರ್ ದಿನ ದೇಸಾಯಿ ಮೊದಲ ಊಟ ನಮ್ಮಲ್ಲೇ ಮಾಡಿದ. ಅಮ್ಮ ಅವನ ಮುಂದೆ ನಿಂತು, ಎಲ್ಲರೂ ನೋಡುವಂತೆ, ಅನ್ನದ ಮೇಲೆ ತುಪ್ಪ ಬಗ್ಗಿಸಿದಳು. ಅವನು ಒಂದು ತುತ್ತು ಉಂಡು, ಯೋಚಿಸಿ, ನನಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಏನಂತೆ?" ಎಂದಳು ಅಮ್ಮ.

ಈ ಸಲ ಒಂದು ಪದವನ್ನೂ ನುಂಗದೆ ಅನುವಾದ ಮಾಡಿದೆ. "ಗೊತ್ತಿಲ್ಲದೆ ಉಂಡಾಗ ತುಪ್ಪ ಇದಕ್ಕಿಂತ ಹೆಚ್ಚು ಇತ್ತಂತೆ."

ಅಮ್ಮ ನಕ್ಕಳು. ಮಡಿಯಲ್ಲಿದ್ದಾಗ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಿಳ್ಳೆಯನ್ನು ಪೂರ್ತಿ ಬೋರಲು ಹಾಕಿದಳು. ಅವನು ಪರೀಕ್ಷೆಯಲ್ಲಿ ಎಲ್ಲಿಯೂ ಬೀಳದೆ ಮೇಲಿನ ದರ್ಜೆಯಲ್ಲಿ ಪಾಸಾಗಿ, ಜೂನಿನ ಮಳೆ ಹಿಡಿಯುವ ಮೊದಲೇ ಊರಿಗೆ ಹೋದ. ವರ್ಷಕ್ಕೆ ಒಂದೆರಡು ಕಾಗದ ಬರುತ್ತವೆ, ದೇಸಾಯಿ ಎಂದೇ ಸಹಿ.

ಹಾನಿಯಾದದ್ದು ನನಗೊಬ್ಬನಿಗೆ. ಆ ಹದಿಮೂರು ದಿನಗಳಲ್ಲಿ ಅಮ್ಮ ಮೈಸೂರಿನ ನೆಂಟರಿಗೆಲ್ಲ ಇನ್‌ಲ್ಯಾಂಡ್ ಲೆಟರು ಬರೆಸಿ, ಶ್ಯಾಮ ವ್ರತ ಹಿಡಿದಿದ್ದಾನೆ, ತುಪ್ಪವನ್ನೂ ಬಿಟ್ಟಿದ್ದಾನೆ ಎಂದು ತಿಳಿಸಿದ್ದಳು. ಯಾಕೆ ಹಿಡಿದ, ಎಷ್ಟು ದಿನಕ್ಕೆ ಎಂಬುದನ್ನು ಬರೆಸಲಿಲ್ಲ. ಕೇಳಿದರೆ ಕಾಗದದಲ್ಲಿ ಜಾಗ ಸಾಲಲಿಲ್ಲ ಎಂದಳು. ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆ ಮೈಸೂರಿಗೆ ಹೋಗಿದ್ದೆವು. ಎಲೆಯ ಮೇಲೆ ಬಿಸಿ ಹೋಳಿಗೆ ಬಿತ್ತು. ಹಿಂದೆಯೇ ತುಪ್ಪದವನು ಬಂದ. ನಾನು ಎಲೆಯನ್ನು ಸ್ವಲ್ಪ ಮುಂದೆ ಸರಿಸಿದೆ. ಅಷ್ಟರಲ್ಲಿ ಪಂಕ್ತಿಯ ಆ ತುದಿಯಿಂದ ಸೋದರತ್ತೆ, "ಅವನಿಗೆ ಹಾಕಬೇಡಪ್ಪ! ಅವನು ಬಿಟ್ಟು ಮೂರು ವರ್ಷ ಆಯ್ತು. ಮುಂಬಯಿಯಲ್ಲಿದ್ದೂ ಎಂಥಾ ನಿಷ್ಠೆ!" ಎಂದು ಕೂಗಿದಳು. ಪಂಕ್ತಿಯೆಲ್ಲ ನನ್ನ ಕಡೆ ತಿರುಗಿ ಗೌರವದಿಂದ ನೋಡಿತು. ನಾನು ಅಮ್ಮನ ಕಡೆ ನೋಡಿದೆ. ಕಾಗದ ಬರೆಸಿದವಳು ಅವಳೇ, ನಿಜ ಗೊತ್ತಿದ್ದವಳೂ ಅವಳೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ತುಪ್ಪದವನು ಪಕ್ಕದ ಎಲೆಗೆ ಹೋದ. ಅಮ್ಮ ಸುಮ್ಮನಿದ್ದಳು. ನಾನು ಒಣ ಹೋಳಿಗೆಯನ್ನು ಮುರಿದು ಬಾಯಿಗಿಟ್ಟೆ.